ದೇವರ ಮನೆಯಿಂದ ಬಂದ ತಾಳೆಗರಿ

ಅಕ್ಕೋರ ಉಗುರಿನ ಸಂದಿಯಲ್ಲಿ ಯಾವಾಗಲೂ ಕಾಡಿಗೆಯ ಕಪ್ಪು, ಬೆರಳಿಗೆ ನಿಂಬೆಹುಲ್ಲಿನ ಎಣ್ಣೆಯ ವಾಸನೆ. ತಾಳೆಗರಿಯ ಮಾಸಿದ ಅಕ್ಷರ ಎದ್ದು ಕಾಣಲೆಂದು ಎರಡನ್ನೂ ಕಲಸಿ ಸವರುತ್ತಿದ್ದರು. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವರು ಆ ಕೈ ನೋಡಿ ಹಿಂಜರಿದರೆ, “ತೊಳೆದದ್ದೇ, ಬಡ್ಸಿ” ಎನ್ನುತ್ತಿದ್ದರು.

ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮೇಲೆ ಹೊನ್ನಾವರದ ಗ್ರಂಥಾಲಯದ ಹಿಂದಿನ ಕೋಣೆ ಅವರ ಪಾಲಿಗೆ ಬಂದಿತ್ತು. ಕಲ್ಲಚ್ಚಿನ ಯಕ್ಷಗಾನ ಪ್ರಸಂಗಗಳು, ಮುಟ್ಟಿದರೆ ಪುಡಿಯಾಗುವ ಪಂಚಾಂಗಗಳು, ತಾಳೆಗರಿಗಳು ಎಲ್ಲ ಅಲ್ಲಿದ್ದವು. ನಾನು ಬ್ಯಾಂಕ್ ಪರೀಕ್ಷೆಗೆ ಓದಲು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದೆ. “ತಂಗಿ, ಒಂದ್ನಿಮಿಷ ಈ ತುದಿ ಹಿಡ್ಕ” ಎಂದು ಕರೆದವರು ಆ ಒಂದು ನಿಮಿಷವನ್ನು ವರ್ಷಗಟ್ಟಲೆ ಎಳೆದರು.

ಒಮ್ಮೆ ಹಳದೀಪುರದಿಂದ ಸುದ್ದಿ ಬಂತು. ಒಂದು ಮನೆಯಲ್ಲಿ ದೇವರ ಜೊತೆ ಪೂಜೆಗೊಳ್ಳುತ್ತಿದ್ದ ತಾಳೆಗರಿ ಕಟ್ಟಿಗೆ ಹುಳ ಬಿದ್ದಿದೆ, ಮಾರನೆಯ ದಿನ ಶರಾವತಿಗೆ ಬಿಡುತ್ತಾರೆ ಎಂದು. ಅಕ್ಕೋರು ಚಹಾ ಅರ್ಧಕ್ಕೇ ಬಿಟ್ಟು ನನ್ನ ಸ್ಕೂಟಿ ಹತ್ತಿದರು.

ಆ ಮನೆಯ ಅಜ್ಜಿ ಕಟ್ಟು ಮುಟ್ಟಲು ಬಿಡಲಿಲ್ಲ. “ಅತ್ತೆ ಕಾಲದಿಂದ ಯಾರೂ ಬಿಚ್ಚಿದ್ದಿಲ್ಲೆ. ಒಳಗೆ ಮಂತ್ರ ಇದ್ದು.”

“ನೀರಿಗೆ ಬಿಟ್ರೆ ಮಂತ್ರ ಮೀನಿಗೆ ಹೋಗ್ತು ಅಮ್ಮ. ಮೀನು ಎಂತ ಜಪ ಮಾಡ್ತಾ?” ಎಂದರು ಅಕ್ಕೋರು.

ಅಜ್ಜಿಗೆ ನಗು ಬಂತು. ನಕ್ಕ ಮೇಲೆ ಬೇಡವೆನ್ನಲು ಆಗಲಿಲ್ಲ. ಮನೆಯವರೆಲ್ಲ ಸುತ್ತ ಕುಳಿತರು. ಅಕ್ಕೋರು ಮೇಲಿನ ಗರಿಯ ಹುಡಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ಓದಿ, ಕನ್ನಡಕ ತೆಗೆದರು. “ಅಮ್ಮ, ಇದು ಮಂತ್ರ ಅಲ್ಲ. ದನದ ಹೊಟ್ಟೆ ಉಬ್ಬರಕ್ಕೆ ಮದ್ದು.”

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗನ ಮುಖ ಕೆಂಪಾಯಿತು. ಇಷ್ಟು ತಲೆಮಾರು ಮಂಗಳಾರತಿ ಎತ್ತಿದ್ದು ದನದ ಮದ್ದಿಗೆ. ಅಜ್ಜಿ ಮಾತ್ರ ಗರಿಯ ಕಡೆ ಬಾಗಿ, “ಶುಂಠಿ ಹೇಳಿದ್ದಾ?” ಎಂದು ಕೇಳಿದರು.

“ಹೇಳಿದ್ದು. ಇಂಗೂ ಹೇಳಿದ್ದು.”

“ನಮ್ಮತ್ತೆ ಹಾಂಗೇ ಮಾಡ್ತಿದ್ರು,” ಎಂದ ಅಜ್ಜಿಯ ಕಣ್ಣು ತುಂಬಿತ್ತು. “ಆತು, ತಗಂಡ್ ಹೋಗಿ. ನವರಾತ್ರಿ ಪೂಜೆಗೆ ಮಾತ್ರ ಮನೆಗೆ ತಂದ್ಕೊಡಿ.”

ಸಂಗ್ರಹದ ವಸ್ತು ಹೊರಗೆ ಕೊಡುವಂತಿಲ್ಲ ಎಂದು ಗ್ರಂಥಾಲಯದ ಮಂಡಳಿ ತಕರಾರು ತೆಗೆಯಿತು. “ತವರಿಂದ ಹಬ್ಬಕ್ಕೆ ಕರೆದ್ರೆ ಸೊಸೆನ ಕಳಿಸದೆ ಇರ್ತ್ರಾ?” ಎಂದು ಅಕ್ಕೋರು ಕೇಳಿದ ಮೇಲೆ ಒಪ್ಪಿಕೊಂಡಿತು. ಪ್ರತಿ ವರ್ಷ ಕಟ್ಟನ್ನು ಕೆಂಪು ವಸ್ತ್ರದಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದರು. ಪೂಜೆ ಮುಗಿದ ಮೇಲೆ ಅಜ್ಜಿಗೆ ಒಂದು ಗರಿ ಓದಿ ಹೇಳುತ್ತಿದ್ದರು.

ಅಕ್ಕೋರು ತೀರಿಕೊಂಡ ವರ್ಷ ಬ್ಯಾಂಕಿಗೆ ರಜೆ ಹಾಕಿ ನಾನೇ ಒಯ್ದೆ. ಕಣ್ಣು ಮಂಜಾಗಿದ್ದ ಅಜ್ಜಿ, “ಈ ಸಲ ಓದೋರು ಯಾರು?” ಎಂದರು. ಅಕ್ಕೋರು ಕಲಿಸಿದ ಹಳೆಯ ಲಿಪಿಯಲ್ಲಿದ್ದ ಒಂದು ಮದ್ದನ್ನು ಒಂದೊಂದೇ ಅಕ್ಷರ ಕೂಡಿಸುತ್ತಾ ಓದಿದೆ. ನಡುವೆ ಒಂದು ಕಡೆ ನಿಂತುಬಿಟ್ಟೆ. ಅಲ್ಲಿ ಅಕ್ಷರವಿರಲಿಲ್ಲ, ಹುಳ ತಿಂದ ತೂತು ಮಾತ್ರ ಇತ್ತು.

“ಅಲ್ಲಿ ಓಮದ ಕಾಳು ಇರ್ತು,” ಎಂದರು ಅಜ್ಜಿ. “ಮುಂದೆ ಓದು.”

ಅಕ್ಕೋರು ಇದ್ದಿದ್ದರೆ ಅದನ್ನು ಆ ಕ್ಷಣವೇ ಬರೆದಿಟ್ಟುಕೊಳ್ಳುತ್ತಿದ್ದರು. ನಾನೂ ಪೆನ್ನು ತೆಗೆದೆ.