ನಾನು ಬಡಿದ ತಾಮ್ರ

ಮೊನ್ನೆ ಬೈಲಹೊಂಗಲದ ಪೇಟೆಯಲ್ಲಿ ಹಂಡೆ ಬೆಸೆಯುವ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ತಾಮ್ರ ಕಾಸುತ್ತಿದ್ದರು. ಆ ವಾಸನೆಗೆ ಮಿಸ್ತ್ರಿ ನೆನಪಾದರು...

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ಹತ್ತಿ ಸಾಹುಕಾರರ ಡ್ರೈವರ್. ಅವರು ಹಟ ಹಿಡಿದು ಮುಂಬೈಯಿಂದ, ರೇಸಿಗೆಂದು ಎಂಜಿನ್ ತಿದ್ದಿದ್ದ ಹಳೆಯ ಕಾರೊಂದನ್ನು ತಂದಿದ್ದರು. ಖಾಲಿ ರಸ್ತೆಯಲ್ಲಿ ಅದು ಹಾರುತ್ತಿತ್ತು. ಪೇಟೆಯಲ್ಲಿ ಎತ್ತಿನ ಗಾಡಿಯ ಹಿಂದೆ ನಿಧಾನ ಮಾಡಿದರೆ ನಡುಗಿ ಬಂದ್ ಆಗುತ್ತಿತ್ತು. ನಮ್ಮೂರ ಪೆಟ್ರೋಲೂ ಅದಕ್ಕೆ ಹಿಡಿಸಲಿಲ್ಲ. ಏರಿನಲ್ಲಿ ಎಂಜಿನ್ ಒಳಗೆ ಕಲ್ಲು ಕುಟ್ಟಿದ ಸದ್ದು. ಮಗಳ ಮದುವೆಯಲ್ಲಿ ಅಳಿಯನ ಮೆರವಣಿಗೆ ಅದರಲ್ಲೇ ಆಗಬೇಕು, ಆಗದಿದ್ದರೆ ಎಂಜಿನ್ ಕಿತ್ತು ಜೀಪಿನ ಡೀಸೆಲ್ ಎಂಜಿನ್ ಕೂರಿಸುವುದು ಎಂದರು ಸಾಹುಕಾರರು. ಆಗ ಎಲ್ಲರೂ ಅದನ್ನೇ ಮಾಡುತ್ತಿದ್ದರು.

ಸವದತ್ತಿ ರಸ್ತೆಯಲ್ಲಿ ಗಾಡಿ ರಿಪೇರಿಯ ಶೆಡ್ ಇಟ್ಟಿದ್ದ ಮಿಸ್ತ್ರಿ ಒಪ್ಪಲಿಲ್ಲ.

"ಓಡೂ ಕುದುರಿಗೆ ನಡಿಯೂದು ಕಲಿಸಬೇಕ್ರಿ. ಅದನ್ನ ಕೊಂದು ಎಮ್ಮಿ ಕಟ್ಟು ಅಂದ್ರ ನಾ ಪಾನಾ ಹಿಡಿಯಂಗಿಲ್ಲ," ಎಂದು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಮುಖಕ್ಕೇ ಹೇಳಿದರು. ಸಾಹುಕಾರರ ಎದುರು ಹಾಗೆ ಮಾತಾಡಿದವರನ್ನು ನಾನು ನೋಡಿರಲಿಲ್ಲ.

ಎಂಜಿನ್ ನಿಧಾನಕ್ಕೆ ಉಸಿರಾಡಲಿ ಎಂದು, ರಾಮದುರ್ಗದಲ್ಲಿ ಗುಜರಿಗೆ ಬಿದ್ದಿದ್ದ ಅದೇ ಜಾತಿಯ ಟ್ಯಾಕ್ಸಿಯ ಕ್ಯಾಮ್‌ಶಾಫ್ಟ್ ತಂದು ಹಾಕಿದರು. ಪೆಟ್ರೋಲಿಗೆ ಹೊಂದಬೇಕಾದರೆ ಒಳಗಿನ ಒತ್ತಡ ಇಳಿಯಬೇಕು. ಅದಕ್ಕೆ ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಕೆಳಗೆ, ಸಂದು ಸೋರದಂತೆ ತಡೆಯುವ ದಪ್ಪ ಗ್ಯಾಸ್ಕೆಟ್ ಬೇಕು. ಎಲ್ಲೂ ಸಿಗಲಿಲ್ಲ. ಮಿಸ್ತ್ರಿ ತಮ್ಮ ಬಚ್ಚಲ ಮನೆಯ ತಾಮ್ರದ ಹಂಡೆಯನ್ನೇ ಕತ್ತರಿಸಿದರು.

"ನಾಳಿಂದ ಜಳಕದ ನೀರ ಎಂಜಿನ್ ಮ್ಯಾಲೆ ಕಾಸತೀರೇನು?" ಎಂದರು ಅವರ ಹೆಂಡತಿ.

ತಾಮ್ರವನ್ನು ಕೆಂಪಗೆ ಕಾಸಿ, ನೀರಿಗೆ ಅದ್ದಿ, ಮೆತ್ತಗೆ ಮಾಡಿಟ್ಟು ಮಿಸ್ತ್ರಿ ಊಟಕ್ಕೆ ಹೋದರು. ಅದು ಕೊಂಚ ಡೊಂಕಾಗಿ ಕಂಡಿತು. ನನಗೆ ತಾಳ್ಮೆ ಕಡಿಮೆ. ಮನೆಯಲ್ಲಿ ನೇಗಿಲ ಕುಳ ಬಡಿದು ಗೊತ್ತಿತ್ತು. ಸುತ್ತಿಗೆ ಎತ್ತಿ ಬಡಿದು ಚಪ್ಪಟೆ ಮಾಡಿಬಿಟ್ಟೆ. ಮಿಸ್ತ್ರಿ ಗಮನಿಸದೆ ಜೋಡಿಸಿದರು.

ಮದುವೆಗೆ ಎರಡು ದಿನ ಇತ್ತು. ಓಡಿಸಿ ನೋಡಲೆಂದು ಸಾಹುಕಾರರನ್ನು ಕೂರಿಸಿಕೊಂಡು ನಾನೂ ಮಿಸ್ತ್ರಿಯೂ ಕಿತ್ತೂರಿನ ಕಡೆ ಹೊರಟೆವು. ಅರ್ಧ ದಾರಿಯಲ್ಲಿ ಗ್ಯಾಸ್ಕೆಟ್ ಸೋರಿ ರೇಡಿಯೇಟರ್ ಕುದಿಯಿತು.

"ನಿನ್ನ ಕುದುರಿ ಉಗಿಬಂಡಿ ಆತಲ್ಲೋ ಮಿಸ್ತ್ರಿ. ನಾಳೆ ಡೀಸೆಲ್ ಹಾಕಸ್ತೇನಿ," ಎಂದರು ಸಾಹುಕಾರರು.

ಶೆಡ್ಡಿಗೆ ಎಳೆದು ತಂದು ಹೆಡ್ ಬಿಚ್ಚಿದಾಗ ತಾಮ್ರದ ಮೇಲೆ ನನ್ನ ಸುತ್ತಿಗೆಯ ಗುರುತುಗಳಿದ್ದವು. ಮಿಸ್ತ್ರಿ ನನ್ನನ್ನೊಮ್ಮೆ ನೋಡಿದರು. ಆಮೇಲೆ ಸಾಹುಕಾರರಿಗೆ, "ತಪ್ಪು ನಂದರಿ. ಇನ್ನೊಂದಿನ ಕೊಡ್ರಿ," ಎಂದರು. ಯಾರಿಗೂ ತಲೆ ತಗ್ಗಿಸದ ಮನುಷ್ಯ ನನ್ನ ತಪ್ಪಿಗೆ ತಗ್ಗಿಸಿದರು.

ಸಾಹುಕಾರರು ಹೋದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಕುಳ ಅಲ್ಲೋ ಮಗನ ಇದು. ತಾಮ್ರ ಬಡದಷ್ಟೂ ಬಿರುಸ ಆಗತೈತಿ. ಬಿರುಸಾದ್ದು ಕಚ್ಚಿ ಕೂಡಂಗಿಲ್ಲ."

ಮತ್ತೆ ಕಾಸಿದರು. ನಾನು ಮುಟ್ಟಲಿಲ್ಲ.

ಮೆರವಣಿಗೆಯಲ್ಲಿ ಬಾಜಾದವರ ಹಿಂದೆ ಎರಡು ತಾಸು ಆಮೆಯಂತೆ ಓಡಿಸಿದೆ. ಒಮ್ಮೆಯೂ ಬಂದ್ ಆಗಲಿಲ್ಲ. ಆವತ್ತೇ ಸಾಹುಕಾರರಿಗೆ ನಿಜ ಹೇಳಬೇಕೆಂದಿದ್ದೆ... ಹೇಳಲಿಲ್ಲ.

ಮಿಸ್ತ್ರಿ ತೀರಿಕೊಂಡು ಎರಡು ವರ್ಷವಾಯಿತು. ಹೋದ ವಾರ ಸಾಹುಕಾರರ ಮಗ ಕರೆದು, ಪೆಟ್ರೋಲ್ ಖರ್ಚು ಪೂರೈಸುವುದಿಲ್ಲ, ಆ ಕಾರಿಗೆ ಡೀಸೆಲ್ ಎಂಜಿನ್ ಹಾಕಿಸಿಕೊಂಡು ಬಾ ಎಂದ. ಪಕ್ಕದಲ್ಲಿ ಸಾಹುಕಾರರೂ ಕುಳಿತಿದ್ದರು. ಅಂದು ಗ್ಯಾಸ್ಕೆಟ್ ಕೆಡಿಸಿದ್ದು ನಾನು, ಮಿಸ್ತ್ರಿಯಲ್ಲ ಎಂದು ಅವರಿಗೆ ಹೇಳಿದೆ. ಆಮೇಲೆ ಕೀಲಿಯನ್ನು ಮೇಜಿನ ಮೇಲಿಟ್ಟೆ.

"ಎಮ್ಮಿ ಕಟ್ಟಾಕ ಬ್ಯಾರೆ ಡ್ರೈವರ್ ನೋಡ್ಕೋರಿ."

ಕೇಳಿಸಿಕೊಳ್ಳಬೇಕಾದ ಮಿಸ್ತ್ರಿ ಅಲ್ಲಿರಲಿಲ್ಲ.