ನನ್ನ ಕೈಗೊಂದು ವೈಕಿಂಗ್ ಕತ್ತಿ

‘ನನಗೊಂದು ಕತ್ತಿ ಮಾಡಿಸಬೇಕು’ ಎಂದು ನಾನು ಹೇಳಿದಾಗ ನಮ್ಮ ಮನೆಯವರು ಉಪ್ಪಿಟ್ಟು ತಿನ್ನುತ್ತಿದ್ದರು. ಚಮಚ ಕೆಳಗಿಡಲಿಲ್ಲ. ತಲೆಯನ್ನೂ ಎತ್ತಲಿಲ್ಲ.

‘ಪಾಟ್ಲಿ ಮಾಡಿಸ್ಕೋ’ ಎಂದರು.

ಪಾಟ್ಲಿ ಬಳೆ ಕೈಗೆ ಅಂದ, ಸರಿ. ನನಗೆ ಬೇಕಾಗಿದ್ದದ್ದು ಕೈ.

ಹೋದ ವರ್ಷ ಕುಷ್ಟಗಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡದ್ದನ್ನು ಇದೇ ಅಂಕಣದಲ್ಲಿ ಬರೆದಿದ್ದೆ. (ಆಗ ಎಡಗೈಯಲ್ಲಿ ಬರೆದು ಸಂಪಾದಕರ ಕಣ್ಣು ಕೆಡಿಸಿದ್ದೆ.) ಮೂಳೆ ಕೂಡಿತು. ಹಿಡಿತ ಕೂಡಲಿಲ್ಲ. ನಾನು ಹೈಸ್ಕೂಲಿನ ಪಿ.ಟಿ. ಟೀಚರ್. ಗುಂಡು ಎಸೆದ ಕೈ ಚಹಾದ ಕಪ್ಪಿಗೆ ನಡುಗತೊಡಗಿತು. ಡಾಕ್ಟರು ರಬ್ಬರ್ ಚೆಂಡು ಕೊಟ್ಟು ದಿನಾ ಹಿಚುಕಿ ಎಂದರು. ಹಿಚುಕಿದೆ. ಎಷ್ಟು ದಿನ ಅಂತ ಹಿಚುಕುವುದು? ಒಂದು ಗುರಿ ಬೇಡವೇ?

ಅಂಥದ್ದರಲ್ಲಿ ಮೊಬೈಲಿನಲ್ಲಿ ಒಂದು ಫೋಟೊ ಕಣ್ಣಿಗೆ ಬಿತ್ತು. ಯುರೋಪಿನ ಉತ್ತರದ ತುದಿಯಲ್ಲಿ ಹಡಗು ನಡೆಸುತ್ತಿದ್ದ ವೈಕಿಂಗ್ ಜನರ ಕತ್ತಿ, ಸಾವಿರ ವರ್ಷ ಹಳೆಯದು. ಅಲಗು ತುಕ್ಕು ತಿಂದು ಹೋಗಿತ್ತು. ಆದರೆ ಹಿಡಿ! ಅಲಗಿನ ಬುಡಕ್ಕೊಂದು ಅಡ್ಡಪಟ್ಟಿ, ಹಿಡಿಯ ತುದಿಗೊಂದು ಉಬ್ಬುಬ್ಬಾದ ಗುಂಡು. ಎರಡರ ಮೈಮೇಲೂ ಬೆಳ್ಳಿ, ತಾಮ್ರದ ತಂತಿ ಜಡೆ ಹೆಣೆದಂತೆ ಕೂತಿತ್ತು. ಇದನ್ನು ಹಿಡಿಯಬೇಕು ಎನ್ನಿಸಿತು. ನೋಡಬೇಕು ಅಂತಲ್ಲ. ಹಿಡಿಯಬೇಕು.

ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ತಕರಾರು. ಗಂಗಾವತಿ ದಾಟಿದರೆ ಆನೆಗೊಂದಿ, ನಮ್ಮ ಅರಸರ ಕತ್ತಿ ಬಿಟ್ಟು ಇದ್ಯಾವುದು? ಅವೂ ಚೆಂದವೇ. ಆದರೆ ಮನಸ್ಸು ಹೋಗುವಾಗ ಆಧಾರ್ ಕಾರ್ಡ್ ನೋಡಿ ಹೋಗುತ್ತದೆಯೇ?

ಅಲಗನ್ನು ತಳಕಲ್ಲಿನ ಕಮ್ಮಾರರೊಬ್ಬರು ಲಾರಿಯ ಕಮಾನುಪಟ್ಟಿ ಕಾಸಿ, ಬಡಿದು ಮಾಡಿಕೊಟ್ಟರು. (ಸಾಣೆ ಹಿಡಿಸಿಲ್ಲ. ಬದನೆಕಾಯಿಯನ್ನೂ ಹೆಚ್ಚಲಾಗದು. ಓದುತ್ತಿರುವ ಪೊಲೀಸರ ಗಮನಕ್ಕೆ.) ನಕ್ಕಾಶಿಯ ಹಿಡಿ ತಮ್ಮ ಕೆಲಸವಲ್ಲ ಎಂದು ಭಾಗ್ಯನಗರದ ರೇಣುಕಾ ಪತ್ತಾರ ಎಂಬ ಹೆಣ್ಣುಮಗಳ ವಿಳಾಸ ಕೊಟ್ಟರು.

ರೇಣುಕಾಳ ತಂದೆ ಬೆಳ್ಳಿ, ಹಿತ್ತಾಳೆಯ ತಗಡನ್ನು ಒಳಗಿನಿಂದ ಬಡಿದು ದೇವರ ಮುಖ ಎಬ್ಬಿಸುತ್ತಿದ್ದವರು. ಮಗಳು ಅವರ ಪಕ್ಕದಲ್ಲೇ ಕೂತು ಕಲಿತವಳು. ತಂದೆ ತೀರಿಕೊಂಡ ಮೇಲೆ ದೇವರ ಮುಖ ಮಾಡಿಸುವವರು ಬೇರೆ ಊರು ಹುಡುಕಿಕೊಂಡರು. ಈಕೆಗೆ ಉಳಿದದ್ದು ಬೆಸುಗೆ, ಪಾಲಿಶ್, ಮುರಿದ ಕಾಲುಂಗುರ. ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಹಸಿ ಮಣ್ಣಿನ ಮುದ್ದೆ ನನ್ನ ಅಂಗೈಗಿಟ್ಟು, ಆದಷ್ಟು ಬಿಗಿಯಾಗಿ ಹಿಡಿಯಲು ಹೇಳಿದಳು. ಪೂರ್ತಿ ಮಡಚದ ನನ್ನ ಬೆರಳುಗಳ ಗುರುತು ಮಣ್ಣಿನಲ್ಲಿ ಮೂಡಿತು. ಅದೇ ಅಳತೆ.

ಕೆಲ ವಾರಗಳಲ್ಲಿ ಹಿಡಿ ಸಿದ್ಧವಾಯಿತು. ತನಗೆ ಬರುವ ರೀತಿಯಲ್ಲೇ ತೆಳು ತಗಡಿನಲ್ಲಿ ಜಡೆ ಎಬ್ಬಿಸಿ, ಗುಂಡಿಗೂ ಪಟ್ಟಿಗೂ ಹೊದಿಸಿದ್ದಳು. ಒಳಗೆ ಟೊಳ್ಳು. ಕಣ್ಣು ಕೀಳಲಾಗದಷ್ಟು ಚೆಂದ. ಅವಳ ಅಂಗಳದಲ್ಲೇ ಎತ್ತಿದೆ. ಅಲಗಿನ ತುದಿ ಬಾವಿಗಿಳಿದ ಕೊಡದಂತೆ ಕೆಳಗೆ ಜಗ್ಗಿತು. ಮಣಿಕಟ್ಟು ಹೊರಳಿತು. ಕತ್ತಿ ಹಾಸುಗಲ್ಲಿನ ಮೇಲೆ ಬಿದ್ದು ಗುಂಡು ನೆಗ್ಗಿಹೋಯಿತು.

ನನಗೆ ಅಳು ಬಂತು. ನೋವಿಗಲ್ಲ. ಹೋಗಲಿ ಬಿಡು, ಗೋಡೆಗೆ ತೂಗುಹಾಕುತ್ತೇನೆ ಎಂದೆ.

‘ಗ್ವಾಡಿಗಾಗಿದ್ರ ಒಂದು ಮೊಳಿ ಸಾಕಾಗಿತ್ರಿ ಅಕ್ಕಾರ’ ಎಂದಳು ರೇಣುಕಾ. ‘ನಿಮ್ಮ ಕೈ ಅಳತಿ ಯಾಕ ತಗೋತಿದ್ದೆ ನಾನು?’

ಹಾಗೆಂದವಳೇ ಹಿಡಿಯನ್ನು ನನ್ನೆದುರೇ ಬಿಚ್ಚಿದಳು. ತಪ್ಪೆಲ್ಲಿ ಎಂದು ಇಬ್ಬರೂ ತಲೆ ಕೆಡಿಸಿಕೊಂಡೆವು. ನನಗೆ ಗುಂಡು ಎಸೆತದ ಪಾಠ ನೆನಪಾಯಿತು: ಭಾರ ಎಷ್ಟು ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ. ಅವಳು ತಕ್ಕಡಿಯ ತೂಕದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಹಿಡಿಯ ತುದಿಗೆ ಕಟ್ಟಿದಳು. ಎತ್ತಿದೆ. ಕತ್ತಿಯ ಭಾರ ಹೆಚ್ಚಿತ್ತು, ಆದರೂ ಅಲಗಿನ ಮೂತಿ ಮೇಲೆ ಬಂತು!

ಅಂದರೆ ಗುಂಡು ಗಟ್ಟಿ ಲೋಹದ್ದೇ ಆಗಬೇಕು. ಅದರ ಮೈಯಲ್ಲಿ ಕೂದಲಂಥ ಗೀರು ಕೊರೆದು, ತಂತಿಯನ್ನು ಬಡಿದು ಕೂರಿಸಬೇಕು. ಆ ಕೆಲಸ ರೇಣುಕಾ ಯಾವತ್ತೂ ಮಾಡಿದವಳಲ್ಲ. ಮೊದಲ ಗಟ್ಟಿ ಗುಂಡು ಉಳಿಯ ಪೆಟ್ಟಿಗೆ ಹಾಳಾಯಿತು. ಮುಂದಿನದರಲ್ಲಿ ಪಾಲಿಶ್ ಹಚ್ಚುವಾಗ ತಂತಿಯೇ ಎದ್ದು ಬಂತು. ಅವಳ ಸಂಬಂಧಿಕರು, ಇದೆಲ್ಲ ನಿನ್ನಿಂದ ಆಗುವುದಲ್ಲ, ಅವರದನ್ನು ಅವರಿಗೆ ಕೊಟ್ಟುಬಿಡು ಎಂದರಂತೆ. ನಾನೂ ಬೇಸತ್ತು ಅದನ್ನೇ ಹೇಳಿದೆ.

ಅವಳು ಉಳಿ ಮಸೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: ‘ವಾಪಸ್ ಕೊಟ್ರ ನಾಳಿಂದ ಮತ್ತ ಕಾಲುಂಗುರನ ಬರ್ತಾವ್ರಿ.’

ನಾನು ಮನೆಗೆ ಬಂದು ರಬ್ಬರ್ ಚೆಂಡು ಹುಡುಕಿದೆ. ಅವಳು ಅಲ್ಲಿ ಬಡಿಯುವಾಗ ನಾನಿಲ್ಲಿ ಸುಮ್ಮನೆ ಕೂತರೆ ಹೇಗೆ? ಬೆಳಿಗ್ಗೆ ಚೆಂಡು, ಸಂಜೆ ನೀರು ತುಂಬಿದ ತಂಬಿಗೆ. ಶಾಲೆಯ ಮಕ್ಕಳನ್ನು ಓಡಿಸುವಾಗಲೂ ಜೇಬಿನಲ್ಲಿ ಚೆಂಡು. ಮನೆಯವರು ಪಾಟ್ಲಿಯ ಮಾತು ಬಿಟ್ಟರು. ತಂಬಿಗೆಗೆ ನೀರು ತುಂಬಿಡತೊಡಗಿದರು.

ಹೋದ ಭಾನುವಾರ ರೇಣುಕಾ ಫೋನ್ ಮಾಡಿದಳು. ಹೋದೆ. ಗಟ್ಟಿ ಹಿತ್ತಾಳೆಯ ಗುಂಡು, ಅದರ ಮೈತುಂಬ ಬೆಳ್ಳಿ, ತಾಮ್ರದ ಜಡೆ. ಒಂದೆಡೆ ಎಳೆ ಸ್ವಲ್ಪ ಓರೆ. ಅಡ್ಡಪಟ್ಟಿಯ ಮೇಲೆ ತಂತಿಯಲ್ಲೇ ಕೂರಿಸಿದ ಹೆಸರು: ರೇಣುಕಾ. ಹೆಸರು ಹಾಕಲೇಬೇಕೆಂದು ಹಟ ಹಿಡಿದವಳು ನಾನೇ. ಅವಳು ತಂದೆಯದ್ದು ಹಾಕುತ್ತೇನೆಂದಿದ್ದಳು, ನಾನು ಒಪ್ಪಿರಲಿಲ್ಲ.

ಎತ್ತಿದೆ. ಮಣ್ಣಿನಲ್ಲಿ ಮೂಡಿದ್ದ ಜಾಗಗಳಲ್ಲೇ ಬೆರಳು ಕೂತವು. ಕತ್ತಿ ನಿಧಾನವಾಗಿ ಮೇಲೇರಿತು. ಭುಜದ ಮಟ್ಟಕ್ಕೆ ಬಂತು. ತುದಿ ಬೀಳಲಿಲ್ಲ. ರೇಣುಕಾ ನನ್ನ ಮುಖ ನೋಡುತ್ತಿರಲಿಲ್ಲ, ಮಣಿಕಟ್ಟನ್ನೇ ನೋಡುತ್ತಿದ್ದಳು.

‘ಇನ್ನೊಮ್ಮೆ ಎತ್ರಿ’ ಎಂದಳು.

ಎತ್ತಿದೆ.

ಮೊನ್ನೆ ಯಲಬುರ್ಗಾ ಕಡೆಯ ದೇವಸ್ಥಾನದ ಹಿರಿಯರೊಬ್ಬರು ಮನೆಗೆ ಬಂದಿದ್ದರು. ಕತ್ತಿಯ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಮ್ಮನವರಿಗೆ ಹೊಸ ಬೆಳ್ಳಿ ಮುಖ ಆಗಬೇಕಿದೆ, ವಿಳಾಸ ಕೊಡಿ ಎಂದರು. ಕೊಟ್ಟೆ. ಚಪ್ಪಲಿ ಮೆಟ್ಟಿದವರಿಗೆ ಬಾಗಿಲಲ್ಲಿ ಅನುಮಾನ ಬಂತು.

‘ಆಕಿ ಒಬ್ಬಾಕೀನ ಮಾಡ್ಯಾಳೇನ್ರಿ ಇದನ್ನ? ಗಂಡ ಕೈ ಹಚ್ಚಿಲ್ಲೇನು?’

‘ಹಚ್ಚ್ಯಾರ್ರಿ’ ಎಂದೆ. ‘ನಾ ಹೋದಾಗೆಲ್ಲ ಛಲೋ ಚಹಾ ಮಾಡಿ ಕೊಟ್ಟಾರ.’