ಅಮ್ಮ ಆರಿಸಿಕೊಟ್ಟ ವಿಷಯ

ಆಗೆಲ್ಲ ನಮ್ಮ ಹೊನ್ನವಳ್ಳಿ ಕಡೆ ಯಾರ ಮನೆಗೆ ಹೋದರೂ ಮೊದಲು ಮೂಗಿಗೆ ಬಡಿಯುತ್ತಿದ್ದುದು ಅಟ್ಟದ ವಾಸನೆ. ಕೊಬ್ಬರಿಗೆಂದು ಒಣಗಲು ಹಾಕಿದ ತೆಂಗಿನಕಾಯಿ, ಒಲೆಯ ಹೊಗೆ, ಇಲಿ ಹಿಕ್ಕೆ ಎಲ್ಲ ಸೇರಿದ್ದು. ಅದರ ಕೆಳಗೇ ಉಂಡು, ಓದಿ, ಮಲಗಿ ಬೆಳೆದವರಿಗೆ ನಾನೇನೂ ಹೇಳಬೇಕಿಲ್ಲ. ಈಗಲೂ ಎಲ್ಲಾದರೂ ಕೊಬ್ಬರಿ ಮೂಟೆ ಬಿಚ್ಚಿದರೆ ಪಿಯುಸಿಯ ಆ ವರ್ಷ ನೆನಪಾಗುತ್ತದೆ.

ಮೊದಲ ಪಿಯುಸಿ ಮುಗಿಯುತ್ತಿತ್ತು. ತಿಪಟೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಬೋರ್ಡಿನ ಮೇಲೆ ಪ್ರಾಜೆಕ್ಟಿಗೆ ಕೆಲವು ವಿಷಯ ಬರೆದರು: ಸೋಪು, ಕುಡಿಯುವ ನೀರು, ಔಷಧಿ, ಮನೆಯ ಬೆಳೆ.

"ಒಂದನ್ನ ಆರಿಸ್ಕೊಳ್ಳಿ. ಮುಂದಿನ ವರ್ಷವೆಲ್ಲ ಅದೇ ಕೆಲಸ. ಆಮೇಲೆ ಬದಲಾಯಿಸ್ತೀನಿ ಸಾರ್ ಅಂತ ಬರಬೇಡಿ" ಅಂದರು.

ಪಕ್ಕದಲ್ಲಿದ್ದ ಗೆಳತಿ ಶೋಭ ಸೋಪು ಅಂದಳು. ಅವಳು ಮಾಡಿದ ಸೋಪಿನಲ್ಲಿ ಕೊನೆಗೂ ನೊರೆ ಬರಲಿಲ್ಲ, ಅದು ಬೇರೆ ಮಾತು. ನಾನು ಔಷಧಿ ಅಂತ ಗಟ್ಟಿ ಮಾಡಿಕೊಂಡೆ. ಅಮ್ಮ ಆ ಬೇಸಿಗೆಯಲ್ಲಿ ಮಾತ್ರೆ ನುಂಗುತ್ತಿದ್ದಳು. ಕೇಳಿದರೆ "ಗ್ಯಾಸ್ಟ್ರಿಕ್ಕು ಕಣೇ" ಅನ್ನುತ್ತಿದ್ದಳು. ಅಪ್ಪ ತಂದ ಮಾತ್ರೆಗಳನ್ನೆಲ್ಲ ಬಿಡಿಸಿ ಉಪ್ಪಿನಕಾಯಿ ಬಾಟಲಿಗೆ ತುಂಬಿ, ಅವುಗಳ ಕವರನ್ನು ನೀರೊಲೆಗೆ ಹಾಕಿಬಿಡುತ್ತಿದ್ದಳು. ಅವಳ ಚೊಕ್ಕಟದ ಹುಚ್ಚು ಊರಿಗೇ ಗೊತ್ತಿದ್ದರಿಂದ ನನಗೇನೂ ಅನ್ನಿಸಲಿಲ್ಲ.

ಸಂಜೆ ಅವಳು ಮುದ್ದೆ ತೊಳಸುತ್ತಿದ್ದಾಗ ಹೇಳಿದೆ. "ನಿನ್ನ ಮಾತ್ರೇಲಿ ಏನೇನೈತೆ ಅಂತ ನಾನೇ ಕಂಡುಹಿಡೀತೀನಮ್ಮ."

ಕೋಲು ನಿಂತಿತು. "ಅದೆಲ್ಲ ಬ್ಯಾಡ ಬುಡು."

"ಯಾಕಮ್ಮ?"

"ಮನೆ ತುಂಬ ಕಾಯಿ ಇಟ್ಕಂಡು ಮಾತ್ರೆ ಹಿಂದೆ ಯಾಕೆ ಹೋಯ್ತೀಯ? ಅಟ್ಟದಾಗೆ ಕಾಯಿ ಹೆಂಗೆ ಕೊಬ್ರಿ ಆಯ್ತದೆ, ಅದ್ನ ಬರಿ. ನಾನೂ ಜತೆಗಿರ್ತೀನಿ."

ನನ್ನ ಓದಿಗೆ ಎಂದೂ ತಲೆ ಹಾಕಿದವಳಲ್ಲ. ಜತೆಗಿರ್ತೀನಿ ಅಂದದ್ದಕ್ಕೇ ನಾನು ಸೋತೆ.

ಆ ಯುಗಾದಿಗೆ ಅಟ್ಟಕ್ಕೆ ಹಾಕಿದ ಕಾಯಿಯಲ್ಲಿ ತಿಂಗಳಿಗೊಂದನ್ನು ಇಳಿಸಿ, ಸುಲಿದು, ಒಡೆದು, ಒಳಗಿನ ನೀರು ಎಷ್ಟು ಕಡಿಮೆಯಾಗಿದೆ ಅಂತ ಅಳೆಯುವುದು ನನ್ನ ಕೆಲಸ. ಏಣಿ ಹತ್ತುವವಳು ಅಮ್ಮ. ಮೇಲಿಂದಲೇ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇನ್ನೂ ನೀರೈತೆ ಕಣೇ" ಅಂತ ಕೂಗುತ್ತಿದ್ದಳು. ಅಳೆದಾದ ಮೇಲೆ ಕಾಯಿಗೆ ಬೆಲ್ಲ ಕಚ್ಚಿಕೊಂಡು ಇಬ್ಬರೂ ತಿನ್ನುತ್ತಿದ್ದೆವು. "ಮಿಕ್ಕಿದ್ದು ಚಟ್ನಿ ಮಾಡ್ಕೊಡ್ತೀನಿ, ನಿಮ್ಮ ಮೇಷ್ಟ್ರಿಗೆ ಕೊಡು, ಮಾರ್ಕ್ಸು ಹಾಕ್ತಾರೆ" ಅಂತ ನಗುತ್ತಿದ್ದಳು.

ಮಳೆಗಾಲ ಕಳೆಯುವಷ್ಟರಲ್ಲಿ ಅವಳಿಗೆ ಏಣಿ ಹತ್ತಲು ಆಗದಾಯಿತು. ಗೌರಿ ಹಬ್ಬದ ಹೊತ್ತಿಗೆ ಕಾಯನ್ನು ಮಂಚಕ್ಕೇ ಒಯ್ದು ಕೊಟ್ಟೆ. ದಸರೆಗೆ ಅದನ್ನು ಎತ್ತಲೂ ಕೈಯಲ್ಲಿ ಶಕ್ತಿ ಇರಲಿಲ್ಲ. ನಾನೇ ಅವಳ ಕಿವಿಯ ಹತ್ತಿರ ಅಲ್ಲಾಡಿಸಿದೆ. ಕಣ್ಣು ಮುಚ್ಚಿ ತುಂಬ ಹೊತ್ತು ಕೇಳಿದಳು.

"ಐತೆ, ವಸಿ ಐತೆ. ಪೂರ್ತಿ ಒಣಗ್ಲಿ, ಒಳಗೆ ಕೊಬ್ರಿ ಗಡಗಡ ಅಂತದೆ. ಅದ್ನ ಒಂದ್ಸಲ ಕೇಳುಸ್ಬುಡು."

ಕಾರ್ತಿಕದಲ್ಲಿ ಅಮ್ಮ ಹೋದಳು.

ತಿಥಿ ಮುಗಿದ ಮೇಲೆ ಅಪ್ಪ ಜಗಲಿಯಲ್ಲಿ ಕೂತು ಹೇಳಿದರು. ಹೊಟ್ಟೆಯಲ್ಲಿದ್ದದ್ದು ಕ್ಯಾನ್ಸರು. ಬೇಸಿಗೆಯಲ್ಲೇ ಡಾಕ್ಟರು ಕೈಚೆಲ್ಲಿದ್ದರಂತೆ. "ಓದು ಕೆಡ್ತದೆ, ಹೇಳ್ಬ್ಯಾಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕಂಡ್ಲು ಕಣಮ್ಮ. ನೀನು ಔಷಧಿ ವಿಷ್ಯ ತಗತೀನಿ ಅಂದ್ಯಲ್ಲ, ಅವತ್ತು ಕೊಟ್ಟಿಗೇಲಿ ಕೂತ್ಕಂಡು ಅತ್ಲು."

ಅಮ್ಮನ ಮೇಲೆ ನನಗೆ ಸಿಟ್ಟು ಬಂತು. ಅದು ಈಗಲೂ ಪೂರ್ತಿ ಹೋಗಿಲ್ಲ. ಗೊತ್ತಿದ್ದರೆ ಆ ತಿಂಗಳುಗಳಲ್ಲಿ ಕಾಯಿಯ ನೀರು ಅಳೆಯುವ ಬದಲು ಅವಳ ಪಕ್ಕದಲ್ಲೇ ಕೂತಿರುತ್ತಿದ್ದೆ.

ಪ್ರಾಜೆಕ್ಟು ಮುಗಿಸಿ ಕೊಟ್ಟೆ, ಮಾರ್ಕ್ಸೂ ಬಂತು. ಪರೀಕ್ಷೆ ಕಳೆದು ಮುಂದಿನ ಯುಗಾದಿಗೆ ಅಟ್ಟದ ಕಾಯಿ ಇಳಿಸಿದಾಗ ಒಂದನ್ನು ಎತ್ತಿ ಅಲ್ಲಾಡಿಸಿದೆ. ಗಡಗಡ ಅಂದಿತು. ಅಭ್ಯಾಸಬಲದಿಂದ ಅಮ್ಮನ ಮಂಚದ ಕಡೆ ಎರಡು ಹೆಜ್ಜೆ ಹೋಗಿ ನಿಂತೆ.

ಈಗ ನಮ್ಮ ಮನೆ ಆರ್‌ಸಿಸಿ ಆಗಿದೆ, ಅಟ್ಟವಿಲ್ಲ. ತೋಟದ ಕಾಯಿ ಎಳನೀರಾಗಿದ್ದಾಗಲೇ ಲಾರಿ ಹತ್ತುತ್ತದೆ. ಮುದ್ದೆ ತೊಳಸುವ ಕೋಲೂ ಎಲ್ಲಿ ಹೋಯಿತೋ. ಅಂಗಡಿಯಲ್ಲಿ ತೆಂಗಿನಕಾಯಿ ಕೊಳ್ಳುವಾಗ ಮಾತ್ರ ನಾನು ಕಿವಿಗೆ ಹಿಡಿದು ಅಲ್ಲಾಡಿಸುತ್ತೇನೆ. ಇನ್ನೂ ನೀರಿದ್ದರೆ ಸಾಕು, ಅವತ್ತೆಲ್ಲ ಮನಸ್ಸಿಗೆ ಏನೋ ಸಮಾಧಾನ.